ಶೂರನ ಕೈಗೆ ಕಾರ್ಖಾನೆ ಕೊಟ್ಟರು

ಪತ್ರ: ಎರಡನೇ ಮಹಾಯುದ್ಧದಲ್ಲಿ ಜರ್ಮನ್ ವಿಮಾನಗಳು ಸೋತದ್ದನ್ನೆಲ್ಲ ನೀವು ನಾಯಕರ ತಲೆಗೆ ಕಟ್ಟಿದ್ದೀರಿ. ನಿಕ್ಕಲ್ ಇರಲಿಲ್ಲ, ಪೆಟ್ರೋಲ್ ಇರಲಿಲ್ಲ, ಮೇಲಿಂದ ಬಾಂಬಿನ ಮಳೆ. ಯಾರಿದ್ದರೂ ಏನು ಮಾಡುತ್ತಿದ್ದರು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಕ್ಕಲ್ ವಿಷಯ ಒಪ್ಪಿದೆ. ಅದಿಲ್ಲದೆ ಬಿಸಿ ತಾಳುವ ಒಳ್ಳೆಯ ಮಿಶ್ರಲೋಹ ಸಿಗದೆ ಅವರ ಯೂಮೋ 004 ಜೆಟ್ ಎಂಜಿನ್ 25 ಗಂಟೆ ಬಾಳಿದರೆ ಪುಣ್ಯ. ಇಷ್ಟು ಓದಿಕೊಂಡು ಕೆಣಕುವ ಓದುಗರಿರುವುದು ನಮ್ಮ ಭಾಗ್ಯ. ಆದರೆ ಸ್ವಾಮಿ, 1936ರಲ್ಲಿ ಬರ್ಲಿನ್ ಮೇಲೆ ಯಾರು ಬಾಂಬ್ ಹಾಕುತ್ತಿದ್ದರು?

ಆ ವರ್ಷ ವಿಮಾನಗಳ ತಾಂತ್ರಿಕ ಇಲಾಖೆಗೆ ಹಿಟ್ಲರನ ವಾಯುಪಡೆಯ ಮುಖ್ಯಸ್ಥ ಗೋರಿಂಗ್ ತಂದು ಕೂರಿಸಿದ್ದು ಅರ್ನ್‌ಸ್ಟ್ ಉಡೆಟ್‌ನನ್ನು. ಮೊದಲ ಮಹಾಯುದ್ಧದಲ್ಲಿ 62 ವಿಮಾನ ಉರುಳಿಸಿದ ಶೂರ. ಹಾರುತ್ತಲೇ ನೆಲದ ಮೇಲಿನ ಕರವಸ್ತ್ರವನ್ನು ರೆಕ್ಕೆಯ ತುದಿಯಿಂದ ಎತ್ತುತ್ತಿದ್ದ, ಚೆಂದದ ವ್ಯಂಗ್ಯಚಿತ್ರ ಬರೆಯುತ್ತಿದ್ದ. ಕಡತ ಕಂಡರೆ ಮಾತ್ರ ಆಗದು. ನನಗೆ ಅವನ ಮೇಲೆ ಮರುಕವೇ ಹೆಚ್ಚು. ಸಿಟ್ಟೇನಿದ್ದರೂ ಕೂರಿಸಿದವನ ಮೇಲೆ.

ಅಮೆರಿಕದ ಕರ್ಟಿಸ್ ವಿಮಾನ ಹಾರಿಸಿದಂದಿನಿಂದ ಉಡೆಟ್‌ಗೆ ಡೈವ್ ಬಾಂಬಿಂಗಿನ, ಅಂದರೆ ನೆಲದತ್ತ ನೇರ ಧುಮುಕಿ ಬಾಂಬ್ ಹಾಕುವ ಗೀಳು. ಪುಟ್ಟ ಸ್ಟೂಕಾ ಬಾಂಬರಿಗೆ ಅದು ಸರಿಯೇ. 30 ಟನ್ ತೂಗುವ ಹೈಂಕೆಲ್ 177 ಬಾಂಬರ್ ಕೂಡ ಹದ್ದಿನ ಹಾಗೆ ಎರಗಬೇಕಂತೆ! ಅದರ ಎಂಜಿನ್ನುಗಳನ್ನು ಎರಡೆರಡಾಗಿ ಜೋಡಿಸಿ ಒಂದೊಂದು ಪ್ರೊಪೆಲ್ಲರಿಗೆ ಕಟ್ಟಿದ್ದರು. ನಾಲ್ಕನ್ನೂ ಬಿಡಿಬಿಡಿಯಾಗಿ ಹಾಕಿ ನೋಡುತ್ತೇನೆಂದು ಅದನ್ನು ಕಟ್ಟುವ ಕಂಪನಿಯ ಒಡೆಯ ಹೈಂಕೆಲ್ 1938ರಲ್ಲೇ ಕೇಳಿದ. ಹಾಗೆ ಮಾಡಿದರೆ ಡೈವ್ ಆಗುವುದಿಲ್ಲವೆಂದು ಮೇಲಿನವರು ಒಪ್ಪಲಿಲ್ಲ. ಜೋಡಿ ಎಂಜಿನ್ನುಗಳ ನಡುವೆ ಕೈ ಹಾಕಲೂ ಜಾಗವಿಲ್ಲ. ಸೋರಿದ ಎಣ್ಣೆ ಕಾದ ಕೊಳವೆಗೆ ತಾಗಿ ಗಾಳಿಯಲ್ಲೇ ಬೆಂಕಿ. ಸಿಬ್ಬಂದಿ ಆ ವಿಮಾನಕ್ಕೆ ಲೈಟರ್ ಎಂದೇ ಹೆಸರಿಟ್ಟರು. ಡೈವ್ ಕರಾರನ್ನು ಗೋರಿಂಗ್ ಕೈಬಿಟ್ಟದ್ದು 1942ರಲ್ಲಿ, ಎಂಜಿನ್ನುಗಳನ್ನು ಬೆಸೆದ ಮೂರ್ಖ ಯಾರು ಎಂದು ತಾನೇ ಕೂಗಾಡಿಕೊಂಡು!

ಮೆಸ್ಸರ್‌ಸ್ಮಿಟ್ 210 ಯುದ್ಧವಿಮಾನದ ಕಥೆ ಇನ್ನೂ ಚಿಕ್ಕದು. ಹಾರುವ ಮುನ್ನವೇ 1,000 ವಿಮಾನಕ್ಕೆ ಆರ್ಡರ್. ಹಾರಿದ ಮೇಲೆ ತಿಳಿಯಿತು, ಹಿಂಭಾಗ ಗಿಡ್ಡ. ಗಿರಕಿ ಹೊಡೆದು ಬೀಳುತ್ತದೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

1941ರ ನವೆಂಬರಿನಲ್ಲಿ ಉಡೆಟ್ ಗುಂಡು ಹಾರಿಸಿಕೊಂಡು ಸತ್ತ. ಹೊಸ ಅಸ್ತ್ರ ಪರೀಕ್ಷಿಸುವಾಗ ಮಡಿದನೆಂದು ಪ್ರಕಟಣೆ ಹೊರಡಿಸಿ ಸರ್ಕಾರಿ ಗೌರವ ಕೊಟ್ಟರು. ಆಮೇಲೆ ಅವನ ಜಾಗಕ್ಕೆ ಆಡಳಿತ ಬಲ್ಲ ಮಿಲ್ಖ್ ಬಂದ. ನಿಮ್ಮ ವಾದಕ್ಕೆ ಇದೇ ಉತ್ತರ: 1940ರಲ್ಲಿ ಹತ್ತು ಸಾವಿರದ ಆಸುಪಾಸು ವಿಮಾನ ಕಟ್ಟಿದ ದೇಶ, ಬಾಂಬಿನ ಮಳೆಯಲ್ಲಿ ನೆನೆದ 1944ರಲ್ಲಿ ಸುಮಾರು 40,000 ಕಟ್ಟಿತು. ಅಷ್ಟರಲ್ಲಿ ಪಳಗಿದ ಪೈಲಟ್‌ಗಳೇ ಉಳಿದಿರಲಿಲ್ಲ.

ನಮ್ಮ ಬೆಂಗಳೂರಿನದೂ ಒಂದು ಕಥೆಯಿದೆ. ಜರ್ಮನಿಯ ಫೋಕ್ ವುಲ್ಫ್ 190 ಯುದ್ಧವಿಮಾನ ರೂಪಿಸಿದ ಕುರ್ಟ್ ಟ್ಯಾಂಕ್ ಎಚ್‌ಎಎಲ್‌ಗೆ ಬಂದು ಮಾರುತ್ ಎಂಬ ಜೆಟ್ ಯುದ್ಧವಿಮಾನದ ವಿನ್ಯಾಸ ಮಾಡಿದರು. 1961ರಲ್ಲಿ ಅದು ಹಾರಿತು. ಶಬ್ದದ ವೇಗ ಮೀರಬೇಕಿದ್ದ ವಿಮಾನ. ಅದಕ್ಕೆ ತಕ್ಕ ಆರ್ಫಿಯಸ್ 12 ಎಂಜಿನ್ ಮುಗಿಸಲು ಬ್ರಿಸ್ಟಲ್ ಕಂಪನಿ ಹಣ ಕೇಳಿದಾಗ ದಿಲ್ಲಿ ಒಲ್ಲೆನೆಂದಿತು. ಬಡ ಎಂಜಿನ್ನಿನಲ್ಲೇ 147 ಮಾರುತ್‌ಗಳನ್ನು ಕಟ್ಟಿದರು. ಬೈಗುಳ ಮಾತ್ರ ಇವತ್ತಿಗೂ ಎಂಜಿನಿಯರುಗಳ ಪಾಲಿಗೆ. ಕಡತದ ಮೇಲೆ ‘ಬೇಡ’ ಎಂದು ಬರೆದವರನ್ನು ಕೇಳುವವರಿಲ್ಲ.