‘ನಡೆದುಹೋಯಿತು’ ಎಂಬ ಕ್ರಿಯಾಪದ

ಅಮೆರಿಕದ ಗುಂಪುಹತ್ಯೆಗಳ ಸ್ಮಾರಕಗಳನ್ನು ಕುರಿತ ನಮ್ಮ ಕಳೆದ ಸಂಚಿಕೆಯ ಲೇಖನವನ್ನು ಆಕ್ಷೇಪಿಸಿ, ಮಿನಿಯಾಪೊಲಿಸ್‌ನಲ್ಲಿ ನೆಲೆಸಿರುವ ಓದುಗರೊಬ್ಬರು ಬರೆದಿದ್ದಾರೆ: ‘ನೂರು ವರ್ಷಗಳ ಹಿಂದೆ ಏನೋ ನಡೆದುಹೋಯಿತು. ಈಗಿನವರು ಒಳ್ಳೆಯ ಜನ. ಮಾಗಿದ ಗಾಯವನ್ನು ಕೆರೆದು ಯಾರಿಗೇನು ಲಾಭ?’

ಸಂಪಾದಕರ ಉತ್ತರ: ಮಾನ್ಯರೇ, ತಾತಂದಿರ ಅಪರಾಧಕ್ಕೆ ಮೊಮ್ಮಕ್ಕಳನ್ನು ಕಟಕಟೆಯಲ್ಲಿ ನಿಲ್ಲಿಸಬಾರದೆಂಬ ತಮ್ಮ ಇಂಗಿತ ನ್ಯಾಯವಾದದ್ದೇ. ಆದರೆ ಆ ‘ನಡೆದುಹೋಯಿತು’ ಎಂಬುದನ್ನು ನಾನು ಒಪ್ಪಲಾರೆ. ಕೆರೆಯ ಏರಿ ತಾನಾಗಿ ಒಡೆದೀತು. ಹಗ್ಗ ತಾನಾಗಿ ಕುಣಿಕೆಯಾಗುವುದಿಲ್ಲ.

ತಮ್ಮದೇ ರಾಜ್ಯದ ಡುಲೂತ್ ಪಟ್ಟಣವನ್ನು ನೋಡಿ. 1920ರ ಜೂನ್ 15ರ ರಾತ್ರಿ ಸಾವಿರಾರು ಜನ ಪೊಲೀಸ್ ಠಾಣೆಗೆ ನುಗ್ಗಿ, ಸರ್ಕಸ್ಸಿನ ಕೂಲಿಗಳಾಗಿ ಬಂದಿದ್ದ ಎಲಿಯಾಸ್ ಕ್ಲೇಟನ್, ಎಲ್ಮರ್ ಜಾಕ್ಸನ್, ಐಸಾಕ್ ಮೆಗೀ ಎಂಬ ಮೂವರು ಕಪ್ಪು ಯುವಕರನ್ನು ಎಳೆದು ತಂದು ಬೀದಿದೀಪದ ಕಂಬಕ್ಕೆ ನೇತುಹಾಕಿದರು. ಅತ್ಯಾಚಾರದ ಆರೋಪ ಹೊರಿಸಿದ್ದರು. ಯುವತಿಯನ್ನು ಪರೀಕ್ಷಿಸಿದ ವೈದ್ಯರಿಗೆ ಅದರ ಕುರುಹು ಸಿಗಲಿಲ್ಲ. ಶವಗಳ ಸುತ್ತ ಒತ್ತೊತ್ತಾಗಿ ನಿಂತು ತೆಗೆಸಿಕೊಂಡ ಚಿತ್ರ ಪೋಸ್ಟ್‌ಕಾರ್ಡ್ ಆಯಿತು. ಅದರಲ್ಲಿ ಮುಖಗಳು ಚೆನ್ನಾಗಿಯೇ ಕಾಣುತ್ತವೆ. ಆದರೂ ಕೊಲೆಗಾಗಿ ಒಬ್ಬನಿಗೂ ಶಿಕ್ಷೆಯಾಗಲಿಲ್ಲ. ಮೂವರು ಗಲಭೆ ಮಾಡಿದ್ದಕ್ಕಷ್ಟೇ ಸ್ವಲ್ಪ ಕಾಲ ಸೆರೆಯಲ್ಲಿದ್ದರು. ಅತ್ಯಾಚಾರದ ಅಪರಾಧವನ್ನು ಮಾತ್ರ ಮ್ಯಾಕ್ಸ್ ಮೇಸನ್ ಎಂಬ ಇನ್ನೊಬ್ಬ ಕಪ್ಪು ಕೂಲಿಯ ತಲೆಗೆ ಕಟ್ಟಿ ಜೈಲಿಗೆ ಕಳುಹಿಸಿದರು. ಅವನಿಗೆ ಕ್ಷಮಾದಾನ ಸಿಕ್ಕಿದ್ದು 2020ರಲ್ಲಿ, ಸತ್ತು ಎಷ್ಟೋ ದಶಕಗಳಾದ ಮೇಲೆ. ಕೊಲೆಯಾದವರ ಗೋರಿಗಳಿಗೆ ಹೆಸರಿನ ಕಲ್ಲು ಬಂದದ್ದೇ 1991ರಲ್ಲಿ. ಹೇಳಿ, ಈ ಗಾಯ ಮಾಗಿದ್ದು ಯಾವಾಗ?

ಇಂಥ ಸಾವುಗಳ ತನಿಖೆಯಲ್ಲಿ ಅಲ್ಲಿನ ಅಧಿಕಾರಿಗಳು ಮತ್ತೆ ಮತ್ತೆ ಬರೆಯುತ್ತಿದ್ದ ಷರಾ ಒಂದೇ: ‘ಅಪರಿಚಿತರ ಕೈಯಿಂದ ಸಾವು’. ಊರಿಗೆ ಊರೇ ನೆರೆದಿದ್ದಾಗ ಅಪರಿಚಿತರು ಯಾರು? ನನ್ನ ಕಸುಬಿನವರ ಪಾಲನ್ನೂ ಮುಚ್ಚಿಡಲಾರೆ. 1919ರಲ್ಲಿ ಜಾನ್ ಹಾರ್ಟ್‌ಫೀಲ್ಡ್ ಎಂಬಾತನನ್ನು ಸಂಜೆ ಐದಕ್ಕೆ ಎಲಿಸ್‌ವಿಲ್‌ನಲ್ಲಿ ಕೊಲ್ಲುತ್ತಾರೆಂದು ಮಿಸಿಸಿಪ್ಪಿಯ ಪತ್ರಿಕೆಯೊಂದು, ನಾಟಕದ ಕರಪತ್ರದಂತೆ, ಮುಂಚಿತವಾಗಿಯೇ ಅಚ್ಚುಹಾಕಿತು. ಇನ್ನೊಂದೆಡೆ ಕಪ್ಪು ಪತ್ರಕರ್ತೆ ಐಡಾ ಬಿ. ವೆಲ್ಸ್ ಇದ್ದರು. 1892ರಲ್ಲಿ ಮೆಂಫಿಸ್‌ನಲ್ಲಿ ಕಿರಾಣಿ ಅಂಗಡಿ ನಡೆಸುತ್ತಿದ್ದ ತಮ್ಮ ಸ್ನೇಹಿತರನ್ನು ಗುಂಪು ಕೊಂದಾಗ, ಇಂಥ ಕೊಲೆಗಳಿಗೆ ಕೊಡುವ ಅತ್ಯಾಚಾರದ ಕಾರಣ ಬಹುಪಾಲು ನೆಪವೆಂದು ಅವರು ತಮ್ಮ ಪತ್ರಿಕೆಯಲ್ಲಿ ಬರೆದರು. ಅವರು ಊರಿನಲ್ಲಿ ಇಲ್ಲದ ವೇಳೆ ಗುಂಪು ಕಚೇರಿಯನ್ನೇ ಪುಡಿಗಟ್ಟಿತು. ಸಂಪಾದಕನ ಕುರ್ಚಿಯಲ್ಲಿ ಕೂತಾಗ ನನಗೆ ಧೈರ್ಯ ಕೊಡುವುದೂ, ನಾಚಿಕೆ ತರಿಸುವುದೂ ಅವರೇ.

2018ರಲ್ಲಿ ಅಲಬಾಮದ ಮಾಂಟ್ಗಮರಿಯಲ್ಲಿ ತೆರೆದ ಸ್ಮಾರಕದಲ್ಲಿ, ಇಂಥ ಹತ್ಯೆ ನಡೆಸಿದ ಒಂದೊಂದು ಕೌಂಟಿಗೆ (ನಮ್ಮ ಜಿಲ್ಲೆಯಂಥದು) ಒಂದೊಂದು ಉಕ್ಕಿನ ಕಂಬ ತೂಗುತ್ತದೆ. ಆಯಾ ಕೌಂಟಿಯವರು ಕೊಂಡೊಯ್ದು ತಮ್ಮೂರಿನಲ್ಲಿ ನಿಲ್ಲಿಸಲೆಂದು ಅವುಗಳ ಜೋಡಿಗಳನ್ನೂ ಹೊರಗೆ ಮಾಡಿಟ್ಟಿದ್ದಾರೆ. ನನಗೆ ಹಿಡಿಸಿದ್ದು ಇದೇ: ದೇಶದ ಪಾಪವೆಂದರೆ ಯಾರದೂ ಅಲ್ಲ, ಊರಿನ ಹೆಸರು ಬಿದ್ದಾಗ ಬೀದಿ, ಮನೆ, ಮನೆತನಗಳು ಕಣ್ಣೆದುರು ಬರುತ್ತವೆ.

ನಮ್ಮ ಕಚೇರಿಗೆ ಬರುವ ಬರಹಗಳಲ್ಲೂ ‘ಹತ್ಯೆಗೊಳಗಾದರು’, ‘ಕೊಲ್ಲಲ್ಪಟ್ಟರು’ ಎಂಬ ಕರ್ತೃವಿಲ್ಲದ ವಾಕ್ಯಗಳ ಹಾವಳಿ ಹೆಚ್ಚಿದೆ. ಆಡುಮಾತಿನ ಕನ್ನಡ ಇಂಥ ಕರ್ಮಣಿಯನ್ನು ಬಯಸದು, ‘ಯಾರು?’ ಎಂದು ಕೇಳುತ್ತದೆ.

ಡುಲೂತ್‌ನವರು 2003ರಲ್ಲಿ, ಆ ಕಂಬವಿದ್ದ ಮೂಲೆಯ ಎದುರೇ, ಮೂವರ ಕಂಚಿನ ಪ್ರತಿಮೆಗಳನ್ನು ನಿಲ್ಲಿಸಿದ್ದಾರೆ. ತಮ್ಮ ಊರಿನಿಂದ ಕಾರಿನಲ್ಲಿ ಎರಡೂವರೆ ಗಂಟೆಯ ದಾರಿ. ನೋಡಿಬಂದು ಬರೆದರೆ ಖಂಡಿತ ಪ್ರಕಟಿಸುತ್ತೇವೆ. ಒಂದು ಕ್ರಿಯಾಪದವನ್ನು ಮಾತ್ರ ತಿದ್ದುವ ಹಕ್ಕನ್ನು ನಾನು ಉಳಿಸಿಕೊಂಡಿರುತ್ತೇನೆ.