ಎಂಟು ವರ್ಷದ ಕೆಲಸವನ್ನು ಯಾಕೆ ಮುಚ್ಚಿಟ್ಟಿರಿ?

ಸಿಂಧನೂರು ತಾಲ್ಲೂಕಿನ ಓದುಗರೊಬ್ಬರ ಪತ್ರ ಓದಿ ಸಂಕಟವಾಯಿತು, ಸಿಟ್ಟೂ ಬಂತು. ಎಂಟು ವರ್ಷ ಆಶಾ ಕಾರ್ಯಕರ್ತೆಯಾಗಿದ್ದವರು. ಈಗ 34ನೇ ವಯಸ್ಸಿನಲ್ಲಿ ರಾಯಚೂರಿನಲ್ಲಿ ಜಿಎನ್‌ಎಂ ಅನ್ನೋ ನರ್ಸಿಂಗ್ ಡಿಪ್ಲೊಮಾದ ಮೊದಲ ವರ್ಷ ಓದುತ್ತಿದ್ದಾರೆ. ಕ್ಲಾಸಿನ ಹುಡುಗಿಯರಿಗೆ 18. ಅವರು ‘ಆಂಟಿ’ ಅಂತಾರೆ, ಅನಾಟಮಿ ಇಂಗ್ಲಿಷಿನಲ್ಲಿ ತಲೆಗೆ ಹತ್ತುತ್ತಿಲ್ಲ. ‘ಬಿಟ್ಟು ಊರಿಗೆ ಹೋಗಿಬಿಡಲಾ ಅಕ್ಕಾ?’ ಎಂದು ಕೇಳಿದ್ದಾರೆ.

ತಂಗಿ, ‘ಆಂಟಿ’ ವಿಷಯ ಬಿಡಿ. ಚಿಕ್ಕ ಹುಡುಗಿಯರು, ಹೆಸರು ಹಿಡಿದು ಕರೆಯೋಕೆ ಸಂಕೋಚ. ‘ಅಕ್ಕ ಅನ್ನಿ’ ಅಂದರೆ ಅಕ್ಕ ಅಂತಾರೆ. ನನಗೆ ಚುಚ್ಚಿದ್ದು ಪತ್ರದ ಕೊನೆಯಲ್ಲಿ ನೀವು ಸುಮ್ನೆ ಬರೆದ ಒಂದು ಸಾಲು. ಮೊದಲ ದಿನ ಪರಿಚಯ ಕೇಳಿದಾಗ ‘ಹೌಸ್‌ವೈಫ್ ಆಗಿದ್ದೆ’ ಅಂದಿರಂತೆ. ಆಶಾ ಅಂದರೆ ಕೀಳಾಗಿ ನೋಡ್ತಾರೆ ಅಂತ ನಾದಿನಿ ಹೇಳಿಕೊಟ್ಟಿದ್ದರಂತೆ. ಅವರೇ ಸ್ಟಾಫ್ ನರ್ಸ್! ನನ್ನ ಸಿಟ್ಟೆಲ್ಲ ಅವರ ಮೇಲೆ. ಹೆರಿಗೆ ವಾರ್ಡಿಗೆ ಬಸುರಿಯರನ್ನು ರಾತ್ರೋರಾತ್ರಿ ಕರೆದುಕೊಂಡು ಬಂದು, ಹೊರಗೆ ಬೆಂಚಿನ ಮೇಲೆ ಕಾಯೋರು ಯಾರು ಅಂತ ಅವರಿಗೆ ಗೊತ್ತಿಲ್ವಾ?

ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿನ ಮನೆಗೆ 3, 7, 14, 21, 28, 42ನೇ ದಿನ ಹೋದವರು ನೀವು. ಕೈ ತೊಳೆದು, ಕೂಸನ್ನು ತೂಗಿ, ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿದವರು. 60 ಮುಟ್ಟಿದರೆ ಇನ್ನೊಮ್ಮೆ ಎಣಿಸಿ, ಮನೆಯವರನ್ನು ಒಪ್ಪಿಸಿ ಆಸ್ಪತ್ರೆಗೆ ಹೊರಡಿಸಿದವರು. ಅಜ್ಜಿ ಜೇನುತುಪ್ಪ ನೆಕ್ಕಿಸೋಕೆ ಬಂದರೆ ಜಗಳ ಆಡದೆ ತಡೆಯೋದು ಹೇಗೆ, ಭತ್ತದ ನಾಟಿ ಇದ್ದಾಗ ಯಾವ ಹೊತ್ತಿಗೆ ಹೋದರೆ ಮನೆಯಲ್ಲಿ ಜನ ಸಿಗ್ತಾರೆ, ಇದೆಲ್ಲ ನಿಮಗೆ ಗೊತ್ತು. ಮೊದಲ ವರ್ಷದ ಕಮ್ಯುನಿಟಿ ಹೆಲ್ತ್ ನರ್ಸಿಂಗ್ ಅಂದರೆ ಬೇರೇನು?

ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ: ದೊಡ್ಡವರು ಒರೆಸಿದ ಪಾಟಿ ಹಿಡಿದು ಶಾಲೆಗೆ ಬರಲ್ಲ. ಹಾಗಂತ ನಿಮಗೆ ಎಲ್ಲ ಬರುತ್ತೆ ಅಂತಲ್ಲ. ಇಂಜೆಕ್ಷನ್ ಕೊಡೋದು, ಔಷಧದ ಪ್ರಮಾಣ ಲೆಕ್ಕ ಹಾಕೋದು ನಿಮಗೂ ಹೊಸದು. ಅದನ್ನು ಆ ಹುಡುಗಿಯರ ಪಕ್ಕ ಕೂತೇ ಕಲಿಯಬೇಕು. ಇಂಗ್ಲಿಷ್ ಪದಗಳನ್ನೂ ಅವರನ್ನೇ ಕೇಳಿ. ಆದರೆ ಬರೋದನ್ನೇ ಮುಚ್ಚಿಟ್ಟರೆ, ಬರದೇ ಇರೋದು ಯಾವುದು ಅಂತ ಕಲಿಸೋರಿಗೆ ಹೇಗೆ ತಿಳಿಯಬೇಕು?

ಕಾಲೇಜು ಬಿಡಬೇಡಿ. ನಾಳೆ ಕ್ಲಾಸ್ ಶುರುವಾಗೋ ಮೊದಲು ಕಮ್ಯುನಿಟಿ ಕಲಿಸೋ ಮೇಡಂ ಹತ್ತಿರ ಹೋಗಿ. ‘ಎಂಟು ವರ್ಷ ಆಶಾ ಆಗಿದ್ದೆ ಮೇಡಂ, ಮುಂದಿನ ಸಲ ಮನೆ ಭೇಟಿಗೆ ಹೋದಾಗ ಕೂಸಿನ ಉಸಿರು ಎಣಿಸೋದನ್ನು ನಾನು ತೋರಿಸ್ಲಾ?’ ಅನ್ನಿ. ಇದೊಂದು ಮಾಡಿ. ನಾದಿನಿಯನ್ನು ಕೇಳೋಕೆ ಹೋಗಬೇಡಿ.