ಬೋರ್‌ವೆಲ್ ನೀರಿಗೆ ಎರಡು ಅಂಕಿ ಬಂದರೆ ಯಾವುದನ್ನು ಬರೆಯಬೇಕು?

ಪ್ರಶ್ನೆ: ನಾವು ಕೆಲವು ಗೆಳೆಯರು ಸೇರಿ ಬಾಗೇಪಲ್ಲಿ ಸುತ್ತಮುತ್ತಲ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಎಷ್ಟಿದೆ ಅಂತ ಕಿಟ್‌ನಲ್ಲಿ ನೋಡಿ ಬರೆದಿಡುತ್ತಿದ್ದೇವೆ. ಒಂದು ಬೋರ್‌ವೆಲ್‌ಗೆ ಮೊದಲು 1 ಬಂತು, ಇನ್ನೊಮ್ಮೆ ನೋಡಿದರೆ 2. 'ಕಮ್ಮಿ ಬಂದಿದ್ದನ್ನೇ ಬರಿ, ಸುಮ್ನೆ ಊರಿಗೆ ಯಾಕೆ ಕೆಟ್ಟ ಹೆಸರು' ಅಂತಾರೆ ಜೊತೆಯವರು. ಇನ್ನೊಂದು ತೋಟದವರು 'ನಮ್ಮ ಹೆಸರು ಎಲ್ಲೂ ಬರಬಾರದು' ಅಂದಿದ್ದಾರೆ. ಏನು ಮಾಡಲಿ?
– ಓದುಗರು, ಚಿಕ್ಕಬಳ್ಳಾಪುರ ಜಿಲ್ಲೆ

ಉತ್ತರ: ಎರಡನ್ನೂ ಬರೆಯಿರಿ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಸಿಗದಿದ್ದರೆ ಮಾತ್ರ 1.5ರವರೆಗೆ ಒಪ್ಪಬಹುದು ಅಂತ ನಮ್ಮ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನದಂಡ ಹೇಳುತ್ತದೆ. ಅಂದ್ರೆ ನಿಮ್ಮ ಒಂದು ಅಂಕಿ ಕುಡಿಯಬಹುದು ಅನ್ನುತ್ತದೆ, ಇನ್ನೊಂದು ಬೇಡ ಅನ್ನುತ್ತದೆ. ಸರಾಸರಿ ತೆಗೆದು 1.5 ಅಂತ ಬರೆಯುವುದೂ ತಪ್ಪೇ, ಯಾಕಂದ್ರೆ ಆ ಅಂಕಿ ನಿಮಗೆ ಯಾವತ್ತೂ ಬಂದೇ ಇಲ್ಲ.

ಕಿಟ್‌ನಲ್ಲಿ ಬಣ್ಣ ನೋಡಿ ಹೇಳಬೇಕು, ಹಾಗಾಗಿ ಒಬ್ಬರ ಕಣ್ಣಿಗೂ ಇನ್ನೊಬ್ಬರ ಕಣ್ಣಿಗೂ ವ್ಯತ್ಯಾಸ ಬರುವುದು ಸಹಜ. ಯಾರು ನೋಡಿದರು, ಯಾವ ದಿನ, ಕಿಟ್‌ನ ದ್ರಾವಣದ ಅವಧಿ ಮುಗಿದಿತ್ತಾ, ನೀರು ಹಿಡಿಯುವ ಮೊದಲು ಮೋಟಾರು ಸ್ವಲ್ಪ ಹೊತ್ತು ಓಡಿತ್ತಾ, ಇದೆಲ್ಲ ಅಂಕಿಯ ಪಕ್ಕದಲ್ಲೇ ಇರಲಿ. ಆಮೇಲೆ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ತುಂಬಿಸಿ ಲ್ಯಾಬ್‌ಗೆ ಕೊಡಿ. ಗಾಜಿನ ಬಾಟಲಿ ಬೇಡ, ಫ್ಲೋರೈಡ್ ಗಾಜಿನ ಜೊತೆ ಸೇರಿಕೊಂಡು ಲೆಕ್ಕ ತಪ್ಪಬಹುದು. ಲ್ಯಾಬ್‌ನಿಂದ ಏನೇ ಬರಲಿ, ಹಳೆಯ ಎರಡು ಅಂಕಿಗಳನ್ನು ಮಾತ್ರ ಅಳಿಸಬೇಡಿ.

ಊರಿನ ಹೆಸರಿನ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಈ ಸೀಮೆಯ ಕಲ್ಲಿನಲ್ಲೇ ಫ್ಲೋರೈಡ್ ಇದೆ, ಅದರಲ್ಲಿ ಊರವರ ತಪ್ಪೇನಿದೆ? ಆದರೆ ಚಿಕ್ಕ ಮಕ್ಕಳಿಗೆ ಹೊಸ ಹಲ್ಲು ಒಳಗೆ ಬೆಳೆಯುವ ವಯಸ್ಸಿನಲ್ಲಿ ಇಂಥ ನೀರೇ ಗತಿಯಾದರೆ, ಆ ಹಲ್ಲಿನ ಕಲೆ ಜೀವನಪೂರ್ತಿ ಉಳಿಯುತ್ತದೆ.

ತೋಟದವರ ಮಾತಿಗೆ ಬೆಲೆ ಕೊಡಿ. ಬೋರ್‌ವೆಲ್ ಅವರದು, ನೀರು ಹಿಡಿಯಲು ಬಿಟ್ಟವರೂ ಅವರೇ. ಹೆಸರು, ಸರ್ವೆ ನಂಬರ್ ಬಿಟ್ಟು ಹಳ್ಳಿಯ ಹೆಸರಷ್ಟೇ ಹಾಕಿದರೆ ಸಾಕು. ಫಲಿತಾಂಶ ಮಾತ್ರ ಮೊದಲು ಅವರ ಕೈ ಸೇರಲಿ. ಅದೇ ನೀರನ್ನು ಅಕ್ಕಪಕ್ಕದ ಮನೆಯವರೂ ಕುಡಿಯುತ್ತಿದ್ದರೆ ಅವರಿಗೂ ತಿಳಿಯಬೇಕು ಅಲ್ವಾ, ಅದನ್ನು ತೋಟದವರ ಜೊತೆ ಕೂತು ನೇರವಾಗಿ ಮಾತಾಡಿ. ಪಂಚಾಯಿತಿ ಬೋರ್‌ವೆಲ್ ಆದರೆ ಮುಚ್ಚಿಡುವ ಪ್ರಶ್ನೆಯೇ ಇಲ್ಲ. ಮಕ್ಕಳ ಹಲ್ಲಿನ ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕುವುದಂತೂ ಖಂಡಿತ ಬೇಡ.

ಇನ್ನೊಂದು ವಿಷಯ. ಅಂಕಿ ಜಾಸ್ತಿ ಇದೆ ಅಂದ ಕೂಡಲೇ ಜನ 'ಕುದಿಸಿ ಕುಡಿತೀವಿ ಬಿಡಿ' ಅಂತಾರೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ, ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನೂ ಹೆಚ್ಚಾಗುತ್ತದೆ. ಫಲಿತಾಂಶ ಕೊಡುವಾಗಲೇ ಇದನ್ನೂ ಹೇಳಿಬಿಡಿ.